ಕೀ ತೆಗೆದರೂ ನಿಲ್ಲದ ಎಂಜಿನ್

ಕಾರಿನ ಮೂತಿ ಸಬ್‌ವೇ ಗೋಡೆಗೆ ಗುದ್ದಿ ನಜ್ಜುಗುಜ್ಜಾಗಿತ್ತು. ಎಂಜಿನ್ ಮಾತ್ರ ಓಡುತ್ತಲೇ ಇತ್ತು.

ವೆಸ್ಟ್ ಮಾಂಬಲಂನಿಂದ ಟಿ. ನಗರಕ್ಕೆ ಹೋಗಲು ರೈಲು ಹಳಿಯ ಕೆಳಗೆ ಇಳಿಯುವ ರಸ್ತೆ ಅದು. ಬೆಳಗಿನ ಆಫೀಸು ಹೊತ್ತು. ಹಿಂದೆ ಸಿಕ್ಕಿಹಾಕಿಕೊಂಡ ಬಸ್ಸು, ಆಟೋಗಳು ಹಾರ್ನ್ ಹೊಡೆಯುತ್ತಿದ್ದವು. ಟ್ರಾಫಿಕ್ ಕಾನ್‌ಸ್ಟೇಬಲ್ ಸೆಲ್ವಂ ಓಡಿಬಂದ. ಒಡೆದ ಕಿಟಕಿಯೊಳಗೆ ಕೈ ಹಾಕಿದ. ಕೀ ತಿರುಗಿಸಿದ. ಎಳೆದು ತೆಗೆದ.

ಎಂಜಿನ್ ನಿಲ್ಲಲಿಲ್ಲ.

ಸೆಲ್ವಂ ಕೈಯಲ್ಲಿದ್ದ ಕೀಯನ್ನು ನೋಡಿದ. ನಡುಗುತ್ತಿದ್ದ ಕಾರನ್ನು ನೋಡಿದ. ಹೊಗೆ ದಟ್ಟವಾಗುತ್ತಿತ್ತು. ಅಷ್ಟರಲ್ಲಿ ವಯಸ್ಸಾದ ಆಟೋ ಡ್ರೈವರ್ ಒಬ್ಬ ಮುಂದೆ ಬಂದು ಮಡಚಿಹೋಗಿದ್ದ ಬಾನೆಟ್ ಎತ್ತಿದ. ಕೈಗೆ ಟವೆಲ್ ಸುತ್ತಿಕೊಂಡು ಒಳಗೆ ತೂರಿಸಿದ. ಏನನ್ನೋ ಒತ್ತಿದ. ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಸ್ಟಿಯರಿಂಗ್ ಹಿಂದಿದ್ದ ಹೆಂಗಸಿಗೆ ಪ್ರಜ್ಞೆ ಇರಲಿಲ್ಲ. ಪಕ್ಕದ ಸೀಟಿನ ವೃದ್ಧರಲ್ಲಿ ಜೀವವೇ ಇರಲಿಲ್ಲ.

* * *

ಒಂದು ವಾರದ ಮೇಲೆ ವಿಭಾ ಆ ಕಾರಿನ ಮುಂದೆ ನಿಂತಿದ್ದಳು.

ವಿಭಾ ಮೈಸೂರಿನವಳು. ಮೆಕ್ಯಾನಿಕಲ್ ಎಂಜಿನಿಯರ್. ಅಪಘಾತವಾದ ವಾಹನಗಳನ್ನು ಪರೀಕ್ಷಿಸಿ ವಿಮಾ ಕಂಪನಿಗಳಿಗೆ ವರದಿ ಕೊಡುವ ಸರ್ವೇಯರ್ ಕೆಲಸ. ಕಾರನ್ನು ಪೊಲೀಸ್ ಸ್ಟೇಷನ್ನಿನ ಹಿಂದಿನ ಯಾರ್ಡಿಗೆ ಎಳೆದು ತಂದಿದ್ದರು. ಮೂವತ್ತು ವರ್ಷ ಹಳೆಯ ವಿದೇಶಿ ಡೀಸೆಲ್ ಗಾಡಿ. ಬಾನೆಟ್ ಮುಚ್ಚಿಕೊಳ್ಳದೆ ಹಗ್ಗದಲ್ಲಿ ಕಟ್ಟಿಸಿಕೊಂಡಿತ್ತು.

"ಇದರಲ್ಲಿ ನೋಡೋದು ಏನೂ ಇಲ್ಲ," ಸಬ್ ಇನ್‌ಸ್ಪೆಕ್ಟರ್ ಸುಮತಿ ತಮಿಳಿನಲ್ಲಿ ಹೇಳಿದರು. "ಸತ್ತವರು ಸುಜಯೀಂದ್ರ, ರಿಟೈರ್ಡ್ ಎಂಜಿನಿಯರ್. ಓಡಿಸಿದ್ದು ಅವರ ಮಗಳು ವೃಂದಾ. ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿದ್ದಾರೆ. ನಮ್ಮ ಮೆಕ್ಯಾನಿಕ್ ಪರೀಕ್ಷೆ ಮಾಡಿದ. ಬ್ರೇಕ್ ಆಯಿಲ್ ತುಂಬಾ ಇದೆ, ಎಲ್ಲೂ ಸೋರಿಲ್ಲ. ಅಜಾಗರೂಕತೆಯಿಂದ ಸಾವು ಅಂತ ಕೇಸು. ನಾಳೆ ಆಕೆಯನ್ನ ಕೋರ್ಟಿಗೆ ಕರ್ಕೊಂಡು ಹೋಗಬೇಕು."

"ಆಕೆ ಏನು ಹೇಳ್ತಾರೆ?"

"ಏನೂ ಹೇಳಲ್ಲ. ಆಸ್ಪತ್ರೆಯಲ್ಲಿ ಒಂದೇ ಒಂದು ಸಲ ಬಾಯಿಬಿಟ್ಟಿದ್ದು. ಬ್ರೇಕ್ ಕಲ್ಲಿನ ಹಾಗಿತ್ತು ಅಂದರು. ಆಮೇಲೆ ನಾನೇ ಅಪ್ಪನ್ನ ಕೊಂದೆ ಅಂತ ಗೋಡೆ ಕಡೆ ತಿರುಗಿಕೊಂಡರು."

ವಿಭಾ ತಲೆ ಎತ್ತಿದಳು. "ಕಲ್ಲಿನ ಹಾಗೆ ಅಂದರಾ? ಬ್ರೇಕ್ ಹಿಡೀಲಿಲ್ಲ ಅನ್ನಲಿಲ್ಲವಾ?"

"ಎರಡೂ ಒಂದೇ ತಾನೆ?"

"ಅಲ್ಲ ಮ್ಯಾಡಮ್. ಆಯಿಲ್ ಸೋರಿದರೆ ಪೆಡಲ್ ಮೆತ್ತಗೆ ನೆಲದ ತನಕ ಇಳಿಯತ್ತೆ. ಕಲ್ಲಿನ ಹಾಗೆ ಗಟ್ಟಿಯಾದರೆ ಕಾಯಿಲೆ ಬೇರೆ."

ಸುಮತಿ ಗಡಿಯಾರ ನೋಡಿಕೊಂಡರು. ವಿಭಾ ಸೀಟಿನ ಮೇಲಿದ್ದ ಗಾಜಿನ ಚೂರು ಕೊಡವಿ ಒಳಗೆ ಕೂತಳು. ಕೀ ತಿರುಗಿಸಿದಳು. ಹಳೆಯ ಎಂಜಿನ್ ಗಡಗಡ ಎಂದು ಎದ್ದಿತು. ಬ್ರೇಕ್ ಒತ್ತಿದಳು. ಹದವಾಗಿ ಇಳಿಯಿತು. ಕೀ ಹಿಂದಕ್ಕೆ ತಿರುಗಿಸಿದಳು. ಎಂಜಿನ್ ತಕ್ಷಣ ನಿಂತಿತು.

"ನೋಡಿದಿರಾ? ಎಲ್ಲ ಸರಿಯಾಗಿದೆ," ಎಂದರು ಸುಮತಿ.

"ಅವತ್ತು ಹೀಗೆ ನಿಲ್ಲಲಿಲ್ಲ ಮ್ಯಾಡಮ್."

ಹೇಳಿದ್ದು ಕಾಂಪೌಂಡ್ ಪಕ್ಕ ಟೀ ಕುಡಿಯುತ್ತಿದ್ದ ಸೆಲ್ವಂ. ಕೀ ತೆಗೆದದ್ದು, ಎಂಜಿನ್ ಓಡುತ್ತಲೇ ಇದ್ದದ್ದು, ಆಟೋದವನು ಬಾನೆಟ್ ಒಳಗೆ ಕೈ ಹಾಕಿದ್ದು, ಎಲ್ಲವನ್ನೂ ಹೇಳಿದ.

"ಇದನ್ನ ಯಾಕೆ ಮೊದಲೇ ಹೇಳಲಿಲ್ಲ?" ಸುಮತಿಯ ಧ್ವನಿ ಏರಿತು.

"ಯಾರೂ ಕೇಳಲಿಲ್ಲ ಮ್ಯಾಡಮ್. ಕಾರು ಹಳೇದು, ಏನೋ ಆಗಿರಬೇಕು ಅಂದುಕೊಂಡೆ. ಯಾರ ಹತ್ತಿರವೂ ಮಾತಾಡಿಲ್ಲ."

ವಿಭಾ ಆಗಲೇ ಹಗ್ಗ ಬಿಚ್ಚುತ್ತಿದ್ದಳು.

* * *

ಬಾನೆಟ್ ಎತ್ತಿ ಟಾರ್ಚ್ ಬಿಟ್ಟಳು. ಸುಮತಿಯನ್ನು ಹತ್ತಿರ ಕರೆದಳು.

"ಪೆಟ್ರೋಲ್ ಕಾರಿನಲ್ಲಿ ಕೀ ತಿರುಗಿಸಿದರೆ ಕರೆಂಟ್ ನಿಲ್ಲತ್ತೆ, ಎಂಜಿನ್ ನಿಲ್ಲತ್ತೆ. ಹಳೇ ಡೀಸೆಲ್ಲಿಗೆ ಓಡೋಕೆ ಕರೆಂಟ್ ಬೇಡ. ಡೀಸೆಲ್ ಬರೋ ತನಕ ಓಡ್ತಾನೇ ಇರತ್ತೆ. ಈ ಮಾಡೆಲ್‌ನಲ್ಲಿ ಡೀಸೆಲ್ ನಿಲ್ಲಿಸೋದು ಗಾಳಿಯ ಎಳೆತ. ಇಗೋ, ಈ ಪಂಪು ಗಾಳಿಯನ್ನ ಎಳೀತಾ ಇರತ್ತೆ. ಕೀ ಆಫ್ ಮಾಡಿದಾಗ ಆ ಎಳೆತ ಡೀಸೆಲ್ ಬಾಗಿಲು ಮುಚ್ಚತ್ತೆ."

"ಸರಿ."

"ಬ್ರೇಕಿಗೂ ಬಲ ಕೊಡೋದು ಇದೇ ಎಳೆತ. ಎರಡಕ್ಕೂ ಒಂದೇ ಪಂಪು, ಒಂದೇ ಪೈಪು. ಆ ಪೈಪು ಕಳಚಿದರೆ ಕೀ ತೆಗೆದರೂ ಎಂಜಿನ್ ನಿಲ್ಲಲ್ಲ. ಬ್ರೇಕ್ ಪೆಡಲ್ ಕಲ್ಲಾಗತ್ತೆ. ಗಾಡಿ ನಿಲ್ಲಿಸೋಕೆ ನಾಲ್ಕು ಪಟ್ಟು ಬಲ ಬೇಕು. ಸಮತಟ್ಟು ಗಲ್ಲಿಯಲ್ಲಿ ಹೇಗೋ ನಡೆಯತ್ತೆ. ಇಳಿಜಾರಿನಲ್ಲಿ ಆಗಲ್ಲ."

ಸುಮತಿ ಬಗ್ಗಿ ನೋಡಿದರು. "ಆದರೆ ಪೈಪು ಇದೆಯಲ್ಲ. ಗಟ್ಟಿಯಾಗಿ ಕೂತಿದೆ."

"ಅದೇ ಪ್ರಶ್ನೆ. ಅವತ್ತು ಸೆಲ್ವಂ ನೋಡಿದ ಕಾಯಿಲೆ ಇವತ್ತು ಇಲ್ಲ. ಯಾರು ವಾಸಿ ಮಾಡಿದರು?"

ಉಳಿದ ಪೈಪುಗಳೆಲ್ಲ ಸುಮ್ಮನೆ ಒತ್ತಿ ಕೂರಿಸಿದಂಥವು. ಇದೊಂದಕ್ಕೆ ಮಾತ್ರ ಸ್ಕ್ರೂ ತಿರುಗಿಸುವ ಉಕ್ಕಿನ ಕ್ಲಿಪ್ಪು ಬಿಗಿದಿತ್ತು. ಗುದ್ದಿದಾಗ ರೇಡಿಯೇಟರ್ ಒಡೆದು ಅದರ ಹಸಿರು ನೀರು ಎಂಜಿನ್ ಮೇಲೆಲ್ಲ ಚಿಮ್ಮಿ ಒಣಗಿತ್ತು. ಪಂಪು, ಪೈಪು, ತಂತಿ, ಎಲ್ಲದರ ಮೇಲೂ ಹಸಿರು ಕಲೆ. ಕ್ಲಿಪ್ಪಿನ ಮೇಲೆ ಒಂದು ಹನಿಯೂ ಇಲ್ಲ.

ವಿಭಾ ಫೋಟೊ ತೆಗೆದು ಸ್ಕ್ರೂ ಸಡಿಲಿಸಿದಳು. ಪೈಪನ್ನು ಮೆಲ್ಲಗೆ ಎಳೆದಳು. ಪೈಪಿನ ಕೆಳಗೆ ಅಡಗಿದ್ದ ಪಂಪಿನ ಕೊಳವೆಯ ಮೇಲೆ ಟಾರ್ಚ್ ಬೆಳಕು ಬಿತ್ತು. ಅಲ್ಲಿಯೂ ಹಸಿರು ಕಲೆ ಒಣಗಿತ್ತು.

"ಪೈಪು ಜಾಗದಲ್ಲಿ ಇದ್ದಿದ್ದರೆ ನೀರು ಇಲ್ಲಿಗೆ ಬರ್ತಾ ಇರಲಿಲ್ಲ," ಎಂದಳು. "ಗುದ್ದುವಾಗ ಪೈಪು ಕಳಚಿತ್ತು. ಆಮೇಲೆ ಯಾರೋ ಇಲ್ಲಿಗೆ ಬಂದು ಹಾಕಿದ್ದಾರೆ."

ಸುಮತಿ ಟಾರ್ಚ್ ಇಸಿದುಕೊಂಡು ತಾವೇ ನೋಡಿದರು. ನಂತರ ಸೆಲ್ವಂ ಕಡೆ ತಿರುಗಿದರು. "ಈ ಕಾರಿನ ಹತ್ತಿರ ಯಾರ್ಯಾರು ಬಂದಿದ್ದರು?"

"ಮನೆಯವರು ಇಬ್ಬರು. ಅಳಿಯ ಅನಿಕೇತ್, ಅವತ್ತು ಸಂಜೆನೇ ಬಂದರು. ಆರ್‌ಸಿ, ಇನ್ಶೂರೆನ್ಸ್ ಪೇಪರ್ ಬೇಕು ಅಂದರು. ಮಾರನೇ ದಿನ ಸತ್ತವರ ತಮ್ಮ ತಿರುಮಲ ಬಂದರು. ಅಣ್ಣನ ಕನ್ನಡಕ, ರಾಯರ ಫೋಟೊ ತಗೊಂಡು ಹೋದರು. ಮತ್ತೆ, ಪೆರಂಬೂರಿನ ಮೆಕ್ಯಾನಿಕ್, ಉಪೇಂದ್ರ ಅಂತ ಹೆಸರು ಹೇಳಿದರು, ಗೇಟಿನ ಹತ್ತಿರ ನಿಂತಿದ್ದರು. ಒಳಗೆ ಬಂದರೋ ಇಲ್ಲವೋ ನೋಡಲಿಲ್ಲ."

"ಆ ಉಪೇಂದ್ರನೇ ಹತ್ತು ದಿನ ಮುಂಚೆ ಗಾಡಿ ಸರ್ವಿಸ್ ಮಾಡಿದ್ದು," ಸುಮತಿ ಹಲ್ಲು ಕಚ್ಚಿ ಹೇಳಿದರು. "ಆಕ್ಸಿಡೆಂಟ್ ದಿನದಿಂದ ವರ್ಕ್‌ಶಾಪಿಗೆ ಬೀಗ. ಪೈಪು ಸಡಿಲವಾಗಿ ಬಿಟ್ಟು, ಮೈಮೇಲೆ ಬರತ್ತೆ ಅಂತ ಬಂದು ಹಾಕಿದ್ದಾನೆ."

* * *

ಉಪೇಂದ್ರನ ಮನೆ ವರ್ಕ್‌ಶಾಪಿನ ಮೇಲೆಯೇ ಇತ್ತು. ಪೊಲೀಸ್ ಜೀಪು ಕಂಡು ಅವನೇ ಕೆಳಗಿಳಿದು ಬಂದ. ರೈಲ್ವೆ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿ ನಿವೃತ್ತನಾದವನು. ಗಡ್ಡ ಬೆಳೆದಿತ್ತು. ವಿಭಾ ಕನ್ನಡದಲ್ಲಿ ಮಾತಾಡಿಸಿದ್ದೇ ಅವನೂ ಕನ್ನಡಕ್ಕೆ ತಿರುಗಿದ.

"ಓಡಿಹೋಗಿಲ್ಲಮ್ಮ ನಾನು. ಕೈಯೇ ಓಡ್ತಾ ಇಲ್ಲ. ಆ ಗಾಡಿ ನನ್ನ ಕೈಯಿಂದ ಹೋದದ್ದು. ಅವರ ಮನೆಯವರಿಗೆ ಹೆಂಗೆ ಮುಖ ತೋರಿಸಲಿ?"

"ಸ್ಟೇಷನ್ ಹತ್ತಿರ ಯಾಕೆ ಬಂದಿದ್ರಿ?"

"ನೋಡೋಣ ಅಂತ ಬಂದೆ. ಒಳಗೆ ಬಿಡ್ತಾರೋ ಇಲ್ಲವೋ ಅಂತ ಭಯವಾಯ್ತು. ತಿರುಗಿ ಬಂದುಬಿಟ್ಟೆ."

ವಿಭಾ ಫೋನಿನಲ್ಲಿದ್ದ ಫೋಟೊ ತೋರಿಸಿದಳು. ಉಪೇಂದ್ರ ಕಣ್ಣು ಕಿರಿದು ಮಾಡಿದ.

"ಇದು ಯಾರು ಹಾಕಿದ್ದು? ನಾನು ಅಲ್ಲಿ ಕ್ಲಿಪ್ಪು ಹಾಕೋದೇ ಇಲ್ಲ. ಕೊಳವೆ ಪ್ಲಾಸ್ಟಿಕ್ಕು. ಬಿಗಿದರೆ ಬಿರುಕು ಬಿಡತ್ತೆ." ಚಿತ್ರವನ್ನು ದೊಡ್ಡದು ಮಾಡಿ ನೋಡಿದ. "ಇದು ಗಾಡಿ ಕ್ಲಿಪ್ಪೇ ಅಲ್ಲಮ್ಮ. ವಾಷಿಂಗ್ ಮೆಷಿನ್ ಪೈಪಿಗೆ ಹಾಕ್ತಾರಲ್ಲ, ಅದು. ಸಂದಿಯಲ್ಲಿ ಸೋಪಿನ ಪುಡಿ ಬೆಳ್ಳಗೆ ಕೂತಿದೆ ನೋಡಿ."

ವಿಭಾಳ ಬೆನ್ನು ನೆಟ್ಟಗಾಯಿತು. "ಈ ಪೈಪಿನ ವಿಷಯ ಆ ಮನೆಯಲ್ಲಿ ಯಾರಿಗೆ ಗೊತ್ತು?"

"ಸುಜಯೀಂದ್ರ ಸಾರ್‌ಗೆ ಗೊತ್ತು. ಗಾಡಿ ಬಗ್ಗೆ ಎಲ್ಲ ಗೊತ್ತು ಅವರಿಗೆ. ಇನ್ನೊಬ್ಬರು ಅಂದರೆ ಅಳಿಯ. ಸರ್ವಿಸ್ ಆದ ದಿನ ಅವರೇ ಬಂದಿದ್ದರು ಗಾಡಿ ತಗೊಳ್ಳೋಕೆ. ಪೈಪು ಕಿತ್ತು ತೋರಿಸಿದೆ. ಇದು ಕಳಚಿದರೆ ಕೀ ಆಫ್ ಮಾಡಿದರೂ ನಿಲ್ಲಲ್ಲ ಸಾರ್, ಆಗ ಈ ಸ್ಟಾಪ್ ಲಿವರ್ ಒತ್ತಬೇಕು ಅಂತ. ಅವರಿಗೆ ಭಲೇ ಮಜಾ ಅನ್ನಿಸ್ತು."

"ಬ್ರೇಕಿನ ವಿಷಯ?"

ಉಪೇಂದ್ರ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಹೇಳೋಷ್ಟರಲ್ಲಿ ಅವರಿಗೆ ಫೋನ್ ಬಂತು. ಮಾತಾಡ್ತಾನೇ ಗಾಡಿ ಹತ್ತಿ ಹೊರಟುಹೋದರು."

* * *

ಸುಜಯೀಂದ್ರರ ಮನೆ ವೆಸ್ಟ್ ಮಾಂಬಲಂನ ಕಿರಿದಾದ ಗಲ್ಲಿಯಲ್ಲಿತ್ತು. ಕೆಳಗೆ ಅವರು ಮತ್ತು ಹೆಂಡತಿ ಜಯಲಕ್ಷ್ಮೀ. ಮೇಲೆ ಮಗಳು ವೃಂದಾ, ಅಳಿಯ ಅನಿಕೇತ್, ಆರು ವರ್ಷದ ಮೊಮ್ಮಗಳು ಮಧುರಾ. ಇನ್ನೂ ಸೂತಕ ಕಳೆದಿರಲಿಲ್ಲ. ಕ್ರಿಯೆಗೆ ಕೂತಿದ್ದ ತಿರುಮಲ ಒದ್ದೆ ಪಂಚೆಯಲ್ಲೇ ಬಾಗಿಲು ತೆಗೆದರು. ಸುಮತಿ ಮಫ್ತಿಯಲ್ಲಿದ್ದರು. ಕಾನ್‌ಸ್ಟೇಬಲ್‌ಗಳನ್ನು ಗಲ್ಲಿಯ ತುದಿಯಲ್ಲಿ ನಿಲ್ಲಿಸಿ ಬಂದಿದ್ದರು.

ನಡುಮನೆಯಲ್ಲಿ ವೃಂದಾ ಒಂದು ತೋಳನ್ನು ಜೋಳಿಗೆಯಂಥ ಪಟ್ಟಿಯಲ್ಲಿ ಇಳಿಬಿಟ್ಟುಕೊಂಡು ಕೂತಿದ್ದಳು. ಯಾರು ಬಂದರೆಂದು ತಿರುಗಿಯೂ ನೋಡಲಿಲ್ಲ. ಪಕ್ಕದಲ್ಲಿ ಅನಿಕೇತ್ ಗಂಜಿಯ ಲೋಟ ಹಿಡಿದಿದ್ದ. ಸೌಮ್ಯ ಮುಖ. ಕಣ್ಣ ಕೆಳಗೆ ಕಪ್ಪು.

"ಬಾಮ್ಮ, ಕೂತ್ಕೋ," ಜಯಲಕ್ಷ್ಮೀ ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು. "ಅದೇನು ಕೇಳಬೇಕೋ ನನ್ನನ್ನ ಕೇಳು. ಅವಳ ಮನಸ್ಸು ರೊಂಬ ಕೆಟ್ಟಿದೆ."

"ಹಿಂದಿನ ಸಂಜೆ ಕಾರು ಸರಿಯಾಗಿತ್ತಾ ಅಮ್ಮಾ?"

"ಸರಿಯಾಗಿತ್ತು. ಮಧುರಾನ್ನ ಡ್ಯಾನ್ಸ್ ಕ್ಲಾಸಿಂದ ಕರ್ಕೊಂಡು ಬಂದರು. ಅಡಿಗೆಮನೆ ಜನ್ನಲ್ ತೆಗೆದರೆ ಎದುರಿಗೇ ಷೆಡ್ಡು. ಗಾಡಿ ನಿಂತ ಸದ್ದು ಕೇಳಿಸ್ತು, ಕಾಫಿ ಇಟ್ಟೆ. ಒಡನೆ ಒಳಗೆ ಬಂದರು."

"ಆಮೇಲೆ ಷೆಡ್ಡಿಗೆ ಬೀಗ?"

"ಹೌದು. ಕೀ ಇಲ್ಲೇ ಮೊಳೆಗೆ ತೂಗಿರತ್ತೆ. ಹೊರಗಿನವರು ಯಾರೂ ಬರಲಿಲ್ಲ."

"ಬೆಳಿಗ್ಗೆ?"

"ಅವರದ್ದೊಂದು ಕ್ರಮ. ಗಾಡಿ ಸ್ಟಾರ್ಟ್ ಮಾಡಿ ಬಿಸಿ ಮಾಡೋದು, ಆಫ್ ಮಾಡೋದು, ಗಾಜು ಒರೆಸಿ ಹೂವಿಟ್ಟು ಆಮೇಲೆ ಹೊರಡೋದು. ಅವತ್ತು ತಲೆಸುತ್ತು ಅಂತ ಹಾಗೇ ಕೂತುಬಿಟ್ಟರು. ಡಾಕ್ಟರ ಹತ್ತಿರ ಹೋಗೋಣ ಅಂತ ಇವಳು ಗಾಡಿ ತೆಗೆದಳು. ಆಟೋ ಕರೆಯೋಣ ಅಂದೆ, ಕೇಳಲಿಲ್ಲ."

"ಅಣ್ಣ ಅವತ್ತು ಕ್ರಮ ತಪ್ಪಿಸಿದ್ದೇ ತಪ್ಪಾಯ್ತು," ಎಂದರು ತಿರುಮಲ. "ಪೆರಂಬೂರಿಂದ ನಾನು ತಿಂಗಳಿಂದ ಈ ಕಡೆ ಬಂದಿರಲಿಲ್ಲ. ಕೊನೆಗೊಂದು ಸಲ ನೋಡಲೂ ಆಗಲಿಲ್ಲ."

ವಿಭಾ ಕೈಚೀಲದ ಜಿಪ್ಪು ಎಳೆಯುತ್ತ ಮಾಮೂಲಿ ಧ್ವನಿಯಲ್ಲಿ ಹೇಳಿದಳು. "ಆದದ್ದು ಆಯ್ತು. ಸದ್ಯ, ಒಬ್ಬ ಆಟೋದವರು ಎಂಜಿನ್ ಆಫ್ ಮಾಡಿದರು. ಇಲ್ಲದಿದ್ದರೆ ಬೆಂಕಿ ಹತ್ತಿಕೊಳ್ತಿತ್ತು."

"ಓ, ಕೀ ಅವರ ಹತ್ತಿರ ಇದೆಯೋ?" ತಿರುಮಲ ಕೇಳಿದರು. "ಗೊಂಚಲಲ್ಲಿ ಬೀರುವಿನ ಕೀ ಇತ್ತು. ಹುಡುಕ್ತಾ ಇದ್ದೆವು."

"ಪುಣ್ಯಾತ್ಮರು," ಎಂದ ಅನಿಕೇತ್. "ಸುಡೋ ಎಂಜಿನ್ ಒಳಗೆ ಕೈ ಹಾಕೋದು ಅಂದರೆ ಸುಮ್ಮನೆ ಅಲ್ಲ."

ಸುಮತಿಗೆ ಕನ್ನಡ ಅರ್ಧ ಮಾತ್ರ ತಿಳಿಯುತ್ತಿತ್ತು. ಆದರೆ ವಿಭಾಳ ಕೈ ಜಿಪ್ಪಿನ ಮೇಲೆ ನಿಂತದ್ದನ್ನು ಅವರು ನೋಡಿದರು.

"ಕೈ ತೊಳೀಬೇಕಿತ್ತು. ಗ್ರೀಸ್ ಆಗಿದೆ," ವಿಭಾ ಎದ್ದಳು. "ಮೇಲೆ ಹೋಗಲಾ?"

ಮೇಲಿನ ಬಚ್ಚಲಿನಲ್ಲಿ ವಾಷಿಂಗ್ ಮೆಷಿನ್ ಇತ್ತು. ಹಿಂದಿನಿಂದ ನೀರು ಹೊರಹೋಗುವ ಪೈಪಿಗೆ ಕ್ಲಿಪ್ಪಿರಲಿಲ್ಲ. ಪ್ಲಾಸ್ಟಿಕ್ ದಾರ ಸುತ್ತಿ ಗಂಟು ಹಾಕಿದ್ದರು. ಕ್ಲಿಪ್ಪು ಇದ್ದ ಜಾಗದಲ್ಲಿ ಬಳೆಯಂತೆ ಒತ್ತಿದ ಗುರುತಿತ್ತು.

* * *

ಅವಳು ಕೆಳಗೆ ಬಂದಾಗ ಅನಿಕೇತ್ ಗಂಜಿಯ ಲೋಟ ಹಿಡಿದು ಹಾಗೆಯೇ ಕೂತಿದ್ದ. ವಿಭಾ ಅವನ ಎದುರು ಕುರ್ಚಿ ಎಳೆದುಕೊಂಡಳು.

"ಅನಿಕೇತ್, ಅಪಘಾತದ ಜಾಗಕ್ಕೆ ಹೋಗಿದ್ರಾ?"

"ಇಲ್ಲ ಮ್ಯಾಡಮ್. ಬೇಗ ಆಫೀಸಿಗೆ ಹೋಗಿದ್ದೆ. ಫೋನ್ ಬಂದ ಮೇಲೆ ನೇರ ಆಸ್ಪತ್ರೆಗೆ ಬಂದೆ."

"ಆಟೋದವರು ಎಂಜಿನ್ ಒಳಗೆ ಕೈ ಹಾಕಿದರು ಅಂತ ಯಾರು ಹೇಳಿದರು?"

"ನೀವೇ ಈಗ ಹೇಳಿದಿರಲ್ಲ."

"ನಾನು ಆಫ್ ಮಾಡಿದರು ಅಂದೆ, ಅಷ್ಟೆ. ನಿಮ್ಮ ಚಿಕ್ಕಮಾವನವರು ಕೀ ಬಗ್ಗೆ ಕೇಳಿದರು. ಯಾರಾದರೂ ಹಾಗೇ ಅಂದುಕೊಳ್ತಾರೆ. ಆ ಕಾರು ಅವತ್ತು ಕೀಗೆ ನಿಲ್ಲಲ್ಲ ಅಂತ ಗೊತ್ತಿದ್ದವರು ಮಾತ್ರ ಎಂಜಿನ್ ಒಳಗೆ ಕೈ ಹಾಕೋ ಮಾತಾಡ್ತಾರೆ."

ಅನಿಕೇತ್ ಹೆಂಡತಿಯ ಕಡೆ ನೋಡಿದ. ವೃಂದಾ ಮೊದಲ ಬಾರಿಗೆ ಮುಖ ತಿರುಗಿಸಿದ್ದಳು.

"ಪಂಪಿನಿಂದ ಪೈಪು ಕಿತ್ತದ್ದು ಹಿಂದಿನ ರಾತ್ರಿ. ಸಂಜೆ ಗಾಡಿ ಸರಿಯಾಗಿ ನಿಂತ ಸದ್ದನ್ನ ಅಮ್ಮ ಕೇಳಿದ್ದಾರೆ. ಆಮೇಲೆ ಷೆಡ್ಡಿಗೆ ಬೀಗ. ಅಂದರೆ ಕಿತ್ತವರು ಮನೆಯೊಳಗಿನವರು. ಉಪೇಂದ್ರ ಅಲ್ಲ, ತಿರುಮಲ ಅವರೂ ಅಲ್ಲ. ಅಪಘಾತ ಆದ ಮೇಲೆ ಪೈಪು ವಾಪಸ್ ಹಾಕಿದವರು ಯಾರ್ಡಿಗೆ ಬಂದವರು. ಮನೆಯಿಂದ ಅಲ್ಲಿಗೆ ಬಂದವರು ಇಬ್ಬರೇ, ತಿರುಮಲ ಮತ್ತು ನೀವು. ಎರಡು ಕೆಲಸಕ್ಕೂ ಆಗಿಬರೋದು ಒಬ್ಬರೇ. ನಿಮ್ಮ ವಾಷಿಂಗ್ ಮೆಷಿನ್ನಿನ ಕ್ಲಿಪ್ಪು ಕಾರಿನಲ್ಲಿದೆ."

ಅನಿಕೇತ್ ಲೋಟವನ್ನು ನೆಲದ ಮೇಲಿಟ್ಟ.

"ಬ್ರೇಕಿನ ವಿಷಯ ನನಗೆ ಗೊತ್ತಿರಲಿಲ್ಲ," ಎಂದ. "ದೇವರಾಣೆ ಗೊತ್ತಿರಲಿಲ್ಲ. ಮಾವನಿಗೆ ಕಣ್ಣು ಸರಿಯಾಗಿ ಕಾಣ್ತಾ ಇರಲಿಲ್ಲ. ಎರಡು ಸಲ ಕಂಬಕ್ಕೆ ಗುದ್ದಿದ್ದರು. ಆದರೂ ದಿನಾ ಮಧುರಾನ್ನ ಕೂರಿಸಿಕೊಂಡು ಹೋಗೋರು. ಎಷ್ಟು ಹೇಳಿದರೂ ಕೇಳಲಿಲ್ಲ. ಬೆಳಿಗ್ಗೆ ಷೆಡ್ಡಿನಲ್ಲೇ ಆಫ್ ಮಾಡಿ ನೋಡ್ತಾರೆ, ನಿಲ್ಲಲ್ಲ, ವರ್ಕ್‌ಶಾಪಿಗೆ ಬಿಡ್ತಾರೆ ಅಂದುಕೊಂಡೆ. ಹೀಗೇ ಎರಡು ಮೂರು ಸಲ ಆದರೆ ಬೇಸತ್ತು ಮಾರಿಬಿಡ್ತಾರೆ ಅಂದುಕೊಂಡೆ. ಆಸ್ಪತ್ರೆಯಲ್ಲಿ ಇವಳು ಬ್ರೇಕ್ ಕಲ್ಲಿನ ಹಾಗಿತ್ತು ಅಂದಳು. ಫೋನಿನಲ್ಲಿ ಹುಡುಕಿ ನೋಡಿದೆ. ಆಗಲೇ ಗೊತ್ತಾಗಿದ್ದು."

"ಗೊತ್ತಾದ ಮೇಲೆ ಹೋಗಿ ಪೈಪು ಹಾಕಿದಿರಿ."

"ಹೆದರಿಕೆಯಾಯ್ತು. ಇವಳದ್ದು ಆಕ್ಸಿಡೆಂಟ್ ಕೇಸು, ಏನೋ ಫೈನು ಕಟ್ಟಿ ಮುಗಿಯತ್ತೆ ಅಂತ ವಕೀಲರು ಹೇಳಿದರು. ನನ್ನದಾದರೆ ಕೊಲೆ ಅಂತಾರೆ."

ಜಯಲಕ್ಷ್ಮೀ ಅಳಿಯನ ಕಡೆ ತಿರುಗಿದರು.

"ಕಾರಿನ ಕೀ ಬಚ್ಚಿಟ್ಟಿದ್ದರೆ ಸಾಕಾಗಿತ್ತಲ್ಲೋ," ಎಂದರು. "ಎರಡು ದಿನ ಕೂಗಾಡಿ ಸುಮ್ಮನಾಗ್ತಾ ಇದ್ದರು."

"ಇನ್ನೊಂದು ಮಾತು ನಿಮಗೆ ಗೊತ್ತಿರಬೇಕು," ವಿಭಾ ಅವನಿಗೆ ಹೇಳಿದಳು. ಕೋಪವನ್ನು ತಡೆದುಕೊಂಡಿದ್ದಳು. "ನೀವು ಯಾರ್ಡಿಗೆ ಹೋಗದೇ ಇದ್ದಿದ್ದರೆ ನಾನು ಏನು ಬರೀತಿದ್ದೆ ಗೊತ್ತಾ? ಹಳೇ ಗಾಡಿ, ಹಳೇ ರಬ್ಬರು, ಪೈಪು ತಾನಾಗಿ ಕಳಚಿಕೊಂಡಿದೆ, ಚಾಲಕಿಯ ತಪ್ಪಿಲ್ಲ. ಅವತ್ತೇ ಇವರ ಮೇಲಿನ ಕೇಸು ಬಿದ್ದುಹೋಗ್ತಿತ್ತು. ನಿಮ್ಮ ಮೇಲೂ ಯಾರಿಗೂ ಅನುಮಾನ ಬರ್ತಿರಲಿಲ್ಲ. ನೀವು ಆ ಪೈಪು ಬಿಗಿದಿದ್ದಕ್ಕೇ ಪೊಲೀಸರು ಬ್ರೇಕ್ ಸರಿಯಾಗಿದೆ ಅಂದರು. ಇವರು ಅಪರಾಧಿ ಆದರು."

ವೃಂದಾ ಗೋಡೆಗೆ ಕೈ ಊರಿ ಎದ್ದಳು.

"ಏಳು ದಿನ," ಗಂಡನಿಗೆ ಹೇಳಿದಳು. ವಾರದಿಂದ ಬಳಸದ ಗಂಟಲು ಒರಟಾಗಿತ್ತು. "ನಾನು ಯಾವ ಪೆಡಲ್ ಒತ್ತಿದೆನೋ ಅಂತ ಕಣ್ಣು ಮುಚ್ಚಿದರೆ ಅದೇ. ನೀನು ಪಕ್ಕದಲ್ಲಿ ಕೂತು ತಲೆ ಸವರ್ತಿದ್ದೆ. ಎಲ್ಲ ಸರಿಹೋಗತ್ತೆ ವೃಂದಾ ಅಂತಿದ್ದೆ."

"ವೃಂದಾ, ನಾನು ಮಧುರಾಗೋಸ್ಕರ—"

"ಪೈಪು ಕಿತ್ತದ್ದು ಅವಳಿಗೋಸ್ಕರ. ನಂಬ್ತೀನಿ. ವಾಪಸ್ ಹಾಕಿದ್ದು?"

ಸುಮತಿ ಎದ್ದು ನಿಂತರು. ಅನಿಕೇತ್ ತಾನಾಗಿಯೇ ಅವರ ಹಿಂದೆ ನಡೆದ. ಗಲ್ಲಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತಿದ್ದ. ಜೀಪಿನ ಬಾಗಿಲು ಹಾಕಿದ ಸದ್ದು ನಡುಮನೆಯ ತನಕ ಕೇಳಿಸಿತು.

* * *

ತಿರುಮಲ ಅತ್ತಿಗೆಯನ್ನು ಒಳಗೆ ಕರೆದುಕೊಂಡು ಹೋದರು. ವಿಭಾ ಹೊರಡಲು ಕೈಚೀಲ ಎತ್ತಿಕೊಂಡಳು. ವೃಂದಾ ಬಾಗಿಲ ತನಕ ಬಂದಳು.

"ಒಂದು ಕೇಳಲಾ? ನಿಜ ಹೇಳಿ. ಇನ್ನೂ ಗಟ್ಟಿಯಾಗಿ ಒತ್ತಿದ್ದರೆ ನಿಲ್ತಾ ಇತ್ತಾ?"

ವಿಭಾ ಫೋನ್ ತೆಗೆದು ಒಂದು ಚಿತ್ರ ಹುಡುಕಿ ತೋರಿಸಿದಳು. ಕಾರಿನೊಳಗೆ, ಕಾಲಿಡುವ ಜಾಗದಲ್ಲಿ ತೆಗೆದದ್ದು.

"ಇದು ಬ್ರೇಕ್ ಪೆಡಲಿನ ಕೋಲು. ಬೆರಳು ದಪ್ಪದ ಕಬ್ಬಿಣ. ನೋಡಿ, ಒಂದು ಪಕ್ಕಕ್ಕೆ ಬಾಗಿದೆ. ಇಷ್ಟು ವರ್ಷದ ಕೆಲಸದಲ್ಲಿ ನಾನು ಇದು ಬಾಗಿದ್ದನ್ನ ನೋಡಿರಲಿಲ್ಲ."

ವೃಂದಾ ಫೋನನ್ನು ಎರಡೂ ಕೈಯಲ್ಲಿ ಹಿಡಿಯಲು ಹೋದಳು. ಒಂದು ಕೈ ಪಟ್ಟಿಯಿಂದ ಮೇಲೆ ಬರಲಿಲ್ಲ. ಆ ಚಿತ್ರವನ್ನೇ ನೋಡುತ್ತ ಹೊಸ್ತಿಲ ಮೇಲೆ ಮೆಲ್ಲಗೆ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಭುಜ ನಡುಗತೊಡಗಿತು. ಅಪ್ಪ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು.

ವಿಭಾ ಚಪ್ಪಲಿ ಮೆಟ್ಟದೆ ಅವಳ ಪಕ್ಕದಲ್ಲೇ ಕೂತಳು.